ಓ.ವಿ. ರೈಟ್: ಎಂಟು ಗಂಡಸರು, ನಾಲ್ವರು ಹೆಂಗಸರು ಮತ್ತು ಒಂದು ದನಿ

ಹಾಡು ಶುರುವಾಗೋದು ಒಂದು ಕೆಟ್ಟ ಕನಸಿನಿಂದ. ಒಬ್ಬ ಮನುಷ್ಯ ಕೋರ್ಟಿನಲ್ಲಿ ನಿಂತಿದ್ದಾನೆ. ಎದುರಿಗೆ ಹನ್ನೆರಡು ಮಂದಿಯ ಜ್ಯೂರಿ. ಎಂಟು ಗಂಡಸರು, ನಾಲ್ವರು ಹೆಂಗಸರು. ಅವನ ಮೇಲಿರುವ ಆರೋಪ ಪ್ರೀತಿಸಿದ್ದು. ತೀರ್ಪು ಏನು ಬರುತ್ತೆ ಅಂತ ಹೇಳಬೇಕಿಲ್ಲ.

ಹೀಗೆ ಕತೆಯಾಗಿ ಹೇಳಿದರೆ ಯಾವುದೋ ಹಳೇ ಸಿನಿಮಾದ ಡ್ರೀಮ್ ಸೀಕ್ವೆನ್ಸ್ ಥರ ಇದೆ, ಸ್ವಲ್ಪ ಬಾಲಿಶ ಕೂಡ. ಆದರೆ 1967ರಲ್ಲಿ ಓ.ವಿ. ರೈಟ್ ಇದನ್ನು ಹಾಡಿದ ರೀತಿ ಕೇಳಿ. ಅಳೋದಿಲ್ಲ, ಬೇಡಿಕೊಳ್ಳೋದಿಲ್ಲ. ಸಾಕ್ಷಿ ಹೇಳುವವನ ಹಾಗೆ ಒಂದೊಂದೇ ಸಾಲನ್ನು ಮುಂದಿಡುತ್ತಾನೆ, ನಡುವೆ ಉಸಿರಿಗೆ ಜಾಗ ಬಿಡುತ್ತಾನೆ. ಹಿಂದೆ ಹಾರ್ನ್‌ಗಳು ನಿಧಾನಕ್ಕೆ ಏರುತ್ತವೆ. ದನಿಯಲ್ಲಿ ಒಂದು ಒಣ ಗರಗರ ಇದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟ ಕೆರೆಯ ನೆಲದ ಹಾಗೆ. ಕೊನೆಯ ಹೊತ್ತಿಗೆ ಆ ದನಿ ಒಡೆದೇ ಹೋಗುತ್ತೆ ಅಂದುಕೊಳ್ತೀವಿ. ಒಡೆಯೋದಿಲ್ಲ. ಒಡೆಯುವ ಅಂಚಿನಲ್ಲೇ ನಿಲ್ಲಿಸಿ ನಮ್ಮನ್ನು ಬಿಟ್ಟು ಹೋಗುತ್ತಾನೆ. ‘ಎಯ್ಟ್ ಮೆನ್, ಫೋರ್ ವಿಮೆನ್’ ಅಂತ ಹಾಡಿನ ಹೆಸರು. ನಾನು ಎಷ್ಟು ಸಲ ಕೇಳಿದರೂ ಕೊನೆಗೆ ಜ್ಯೂರಿಯಲ್ಲಿ ಕೂತ ಹದಿಮೂರನೆಯವನು ನಾನೇ ಅನ್ನಿಸುತ್ತೆ.

ರೈಟ್ ಹುಟ್ಟಿದ್ದು 1939ರ ಅಕ್ಟೋಬರ್ 9ರಂದು, ಅಮೆರಿಕದ ಟೆನೆಸಿ ರಾಜ್ಯದ ಲೆನೋ ಎಂಬ ಸಣ್ಣ ಊರಲ್ಲಿ. ಮೆಂಫಿಸ್ ನಗರ ಅಲ್ಲಿಂದ ದೂರ ಏನಲ್ಲ. ಪೂರ್ತಿ ಹೆಸರು ಓವರ್ಟನ್ ವರ್ಟಿಸ್ ರೈಟ್. ಕಪ್ಪು ಜನರ ಚರ್ಚುಗಳಲ್ಲಿ ಹಾಡುತ್ತಲೇ ಬೆಳೆದ. ಹದಿಹರೆಯದಲ್ಲೇ ಸನ್‌ಸೆಟ್ ಟ್ರಾವೆಲರ್ಸ್ ಎಂಬ ಗಾಸ್ಪೆಲ್ ತಂಡದ ಮುಖ್ಯ ಗಾಯಕನಾದ. ಅಲ್ಲಿ ಕಲಿತದ್ದನ್ನು ಆಮೇಲೆ ಎಲ್ಲೂ ಮರೆಯಲಿಲ್ಲ. ಪ್ರವಚನಕಾರ ಮೆಲ್ಲಗೆ ಮಾತು ಶುರು ಮಾಡಿ, ಅದೇ ಮಾತನ್ನು ಮತ್ತೆ ಮತ್ತೆ ತಿರುಗಿಸಿ, ಕೇಳುವವರ ಉತ್ತರ ಪಡೆದು, ಕೊನೆಗೆ ಇಡೀ ಸಭೆಯನ್ನೇ ಎಬ್ಬಿಸ್ತಾನಲ್ಲ, ಆ ಕ್ರಮ. ದೇವರಿದ್ದ ಜಾಗಕ್ಕೆ ಹೆಣ್ಣು ಬಂದಳು ಅಷ್ಟೇ, ಹಾಡುವ ಕ್ರಮ ಬದಲಾಗಲಿಲ್ಲ.

ಹೀಗೆ ಚರ್ಚಿನಿಂದ ಬೀದಿಗೆ ಬಂದ ಸಂಗೀತಕ್ಕೇ ಸೋಲ್ ಅನ್ನೋದು. ಕನ್ನಡದಲ್ಲಿ ಹಾಗೆ ಬರೆದರೆ ಸೋಲು ಅಂತಲೇ ಓದಿಸಿಕೊಳ್ಳುತ್ತೆ. ರೈಟ್ ವಿಷಯದಲ್ಲಿ ಅದು ಪೂರ್ತಿ ತಪ್ಪೂ ಅಲ್ಲ ಬಿಡಿ.

ಚರ್ಚಿನಿಂದ ಅವನನ್ನು ಹೊರಗೆ ಕರೆತಂದವನು ರೂಸ್‌ವೆಲ್ಟ್ ಜೇಮಿಸನ್. ಮೆಂಫಿಸ್‌ನ ಬ್ಲಡ್ ಬ್ಯಾಂಕ್ ಒಂದರಲ್ಲಿ ಕೆಲಸ, ಬಿಡುವಿನಲ್ಲಿ ಹಾಡು ಬರೆಯೋದು, ಹುಡುಗರಿಗೆ ದಾರಿ ತೋರಿಸೋದು. ಅವನ ಬಳಗದಲ್ಲಿ ಇಬ್ಬರು ಅಸಾಮಾನ್ಯ ಗಾಯಕರಿದ್ದರು. ಒಬ್ಬ ಜೇಮ್ಸ್ ಕಾರ್, ಇನ್ನೊಬ್ಬ ರೈಟ್. ಒಂದು ನಡುರಾತ್ರಿ ಇವರಿಬ್ಬರನ್ನೂ ಕರಕೊಂಡು, ಕೈಯಲ್ಲಿ ಟೇಪ್ ಹಿಡಕೊಂಡು, ಗೋಲ್ಡ್‌ವ್ಯಾಕ್ಸ್ ಎಂಬ ಪುಟ್ಟ ರೆಕಾರ್ಡ್ ಕಂಪನಿಯ ಕ್ವಿಂಟನ್ ಕ್ಲಾಂಚ್ ಮನೆ ಬಾಗಿಲು ತಟ್ಟಿದನಂತೆ ಜೇಮಿಸನ್. ಕ್ಲಾಂಚ್ ಇದನ್ನು ಆಮೇಲೆ ಬಹಳ ವರ್ಷ ಹೇಳಿಕೊಂಡು ಬಂದ.

1964ರಲ್ಲಿ ಗೋಲ್ಡ್‌ವ್ಯಾಕ್ಸ್‌ಗೆ ರೈಟ್ ಹಾಡಿದ್ದು ಜೇಮಿಸನ್ ಬರೆದ ‘ದಟ್ಸ್ ಹೌ ಸ್ಟ್ರಾಂಗ್ ಮೈ ಲವ್ ಈಸ್’. ಹೆಸರು ಕೇಳಿದ ಹಾಗಿದೆಯಾ? ಕೇಳಿರ್ತೀರಿ, ಆದರೆ ಬೇರೆ ದನಿಯಲ್ಲಿ. ಅದೇ ಹಾಡನ್ನು ಬೇಗನೆ ಓಟಿಸ್ ರೆಡ್ಡಿಂಗ್ ಹಾಡಿದ, 1965ರಲ್ಲಿ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಹುಡುಗರೂ ಹಾಡಿದರು. ಜಗತ್ತಿಗೆ ಅದು ಅವರ ಹಾಡಾಯಿತು. ಓಟಿಸ್ ಹಾಡಿದ್ದರಲ್ಲಿ ಆತುರ ಇದೆ, ಚೆನ್ನಾಗೂ ಇದೆ. ರೈಟ್ ಹಾಡಿದ್ದರಲ್ಲಿ ಆತುರವೇ ಇಲ್ಲ. ಆಣೆ ಮಾಡುವವನಿಗೆ ಯಾಕೆ ಆತುರ?

ಆ ಹಾಡು ಹೊರಬಂದ ಕೂಡಲೇ ಒಂದು ಕರಾರುಪತ್ರ ಎದ್ದು ಕೂತಿತು. ಹ್ಯೂಸ್ಟನ್‌ನ ಡಾನ್ ರೋಬಿ ಎಂಬಾತ ಹೇಳಿದ್ದಿಷ್ಟು: ಸನ್‌ಸೆಟ್ ಟ್ರಾವೆಲರ್ಸ್ ತಂಡ ನನ್ನ ಪೀಕಾಕ್ ಕಂಪನಿಗೆ ಹಾಡಿದೆ, ಅದರ ಗಾಯಕನೂ ನನ್ನ ಕರಾರಿನಲ್ಲೇ ಇದ್ದಾನೆ. ಗೋಲ್ಡ್‌ವ್ಯಾಕ್ಸ್ ಕೈಬಿಡಬೇಕಾಯಿತು. ದೇವರಿಗೆ ಹಾಡಲು ಹಾಕಿದ ಸಹಿ ಪ್ರೇಮಗೀತೆಯನ್ನೂ ಕಟ್ಟಿಹಾಕಿತು. ರೈಟ್ ರೋಬಿಯ ಬ್ಯಾಕ್ ಬೀಟ್ ಲೇಬಲ್‌ಗೆ ಹೋದ.

ಈ ರೋಬಿಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು, ಯಾಕಂದ್ರೆ ಇಲ್ಲಿ ನಮ್ಮ ರೆಡಿಮೇಡ್ ಲೆಕ್ಕ ಕೆಲಸ ಮಾಡೋದಿಲ್ಲ. ಅವನು ಬಿಳಿಯ ಶೇಟು ಅಲ್ಲ, ಕಪ್ಪು ಮನುಷ್ಯ. 1949ರಲ್ಲಿ, ಅಂದರೆ ಮೋಟೌನ್ ಹುಟ್ಟುವುದಕ್ಕೆ ಹತ್ತು ವರ್ಷ ಮೊದಲೇ, ದಕ್ಷಿಣದ ಟೆಕ್ಸಸ್‌ನಲ್ಲಿ ಕೂತು ರೆಕಾರ್ಡ್ ಕಂಪನಿ ಕಟ್ಟಿದವನು. ಜಿಮ್ ಕ್ರೋ ಕಾಲದ ದಕ್ಷಿಣದಲ್ಲಿ ಅದು ಸಣ್ಣ ಮಾತಲ್ಲ, ಅದಕ್ಕೆ ಸಲಾಂ ಹೊಡೆಯಲೇಬೇಕು. ಅದೇ ಮನುಷ್ಯ ಬಡ ಕವಿಗಳಿಂದ ಹಾಡುಗಳನ್ನು ಚಿಲ್ಲರೆ ಕಾಸಿಗೆ ಕೊಂಡು, ಬರೆದವನ ಹೆಸರಿನ ಜಾಗದಲ್ಲಿ ಡೆಡ್ರಿಕ್ ಮಲೋನ್ ಅಂತ ಹಾಕುತ್ತಿದ್ದ. ಡೆಡ್ರಿಕ್ ಅನ್ನೋದು ರೋಬಿಯದೇ ಮಧ್ಯದ ಹೆಸರು. ಮಲೋನ್ ಎಂಬ ಕವಿ ಭೂಮಿಯ ಮೇಲೆ ಇರಲೇ ಇಲ್ಲ, ರಾಯಲ್ಟಿ ಮಾತ್ರ ಬರುತ್ತಿತ್ತು. ಬಾಬಿ ಬ್ಲೂ ಬ್ಲಾಂಡ್‌ನ ಎಷ್ಟೋ ಹಾಡುಗಳ ಮೇಲೆ, ರೈಟ್‌ನ ಎಷ್ಟೋ ಹಾಡುಗಳ ಮೇಲೆ ಈ ಇಲ್ಲದ ಮನುಷ್ಯನ ಹೆಸರಿದೆ. ನಮ್ಮವನೇ ಮಾಲೀಕನಾದರೆ ಎಲ್ಲ ಸರಿಹೋಗುತ್ತೆ ಅಂತ ನಂಬುವ ಗೆಳೆಯರು ನನಗೂ ಇದ್ದಾರೆ. ಅವರಿಗೆ ನಾನು ರೋಬಿಯ ಕತೆ ಹೇಳ್ತೀನಿ. ಜಗಳ ಮುಗಿಯೋದಿಲ್ಲ, ಅದು ಬೇರೆ ವಿಷಯ.

ಆದರೂ ಬ್ಯಾಕ್ ಬೀಟ್ ವರ್ಷಗಳೇ ರೈಟ್‌ನ ದೊಡ್ಡ ವರ್ಷಗಳು. 1965ರಲ್ಲಿ ‘ಯು ಆರ್ ಗೊನ್ನಾ ಮೇಕ್ ಮಿ ಕ್ರೈ’ ಕಪ್ಪು ಜನರ ರೇಡಿಯೋಗಳಲ್ಲಿ ಮೊಳಗಿ ಆರ್ ಅಂಡ್ ಬಿ ಪಟ್ಟಿಯ 6ನೇ ಸ್ಥಾನಕ್ಕೆ ಏರಿತು. ‘ಎಯ್ಟ್ ಮೆನ್, ಫೋರ್ ವಿಮೆನ್’ 4ಕ್ಕೆ ಏರಿತು. ಬಿಳಿಯರು ಕೊಳ್ಳುವ ಪಾಪ್ ಪಟ್ಟಿಯಲ್ಲಿ ಮಾತ್ರ ಅವನಿಗೆ ಅಂಥ ಜಾಗ ಯಾವತ್ತೂ ಸಿಗಲಿಲ್ಲ. ಅವನನ್ನು ಯಾರೂ ಗುರುತಿಸಲಿಲ್ಲ ಅಂತ ಬರೆಯುವವರು ಇದನ್ನು ಗಮನಿಸಬೇಕು. ಅವನ ಜನ ಗುರುತಿಸಿದರು. ಗುರುತಿಸದೇ ಇದ್ದವರು ಬೇರೆಯವರು.

ಮತ್ತೆ ಆ ಕೋರ್ಟಿಗೆ ಬರ್ತೀನಿ. ಹಾಡಿಗೆ ಎರಡು ವರ್ಷ ಮೊದಲು, 1965ರಲ್ಲಿ, ಸ್ವೇನ್ ಮೊಕದ್ದಮೆಯ ತೀರ್ಪು ಬಂದಿತ್ತು. ಅಲಬಾಮಾದ ಟಲಡೀಗಾ ಕೌಂಟಿಯಲ್ಲಿ ಸುಮಾರು 1950ರಿಂದ ಒಬ್ಬನೇ ಒಬ್ಬ ಕಪ್ಪು ಮನುಷ್ಯ ವಿಚಾರಣಾ ಜ್ಯೂರಿಯಲ್ಲಿ ಕೂತಿರಲಿಲ್ಲ. ಆದರೂ ಸರ್ಕಾರಿ ವಕೀಲರು ಕಾರಣ ಕೊಡದೆ ಕಪ್ಪು ಜ್ಯೂರರ್‌ಗಳನ್ನು ಹೊರಗೆ ಕಳಿಸೋದನ್ನು ಅಮೆರಿಕದ ಸುಪ್ರೀಂ ಕೋರ್ಟ್ ತಡೆಯಲಿಲ್ಲ. ಆ ಬಾಗಿಲು ಸ್ವಲ್ಪ ಮುಚ್ಚಿದ್ದು 1986ರಲ್ಲಿ, ಬ್ಯಾಟ್‌ಸನ್ ತೀರ್ಪಿನಿಂದ. ಇನ್ನು ಹಾಡು ಬಂದ 1967ರಲ್ಲೇ, ಜೂನ್ 12ರಂದು, ಲವಿಂಗ್ ದಂಪತಿಯ ಕೇಸಿನಲ್ಲಿ ಅದೇ ಸುಪ್ರೀಂ ಕೋರ್ಟ್ ಕಪ್ಪು-ಬಿಳಿ ಮದುವೆಯನ್ನು ಅಪರಾಧ ಅನ್ನುವ ಕಾನೂನುಗಳನ್ನು ರದ್ದು ಮಾಡಿತು. ಅಲ್ಲಿಯವರೆಗೆ ರೈಟ್‌ನ ಟೆನೆಸಿಯಲ್ಲೂ ಅಂಥ ಕಾನೂನು ಇತ್ತು.

ಹಾಡು ಇದರ ಬಗ್ಗೆ ಇದೆ ಅಂತ ನಾನು ಹೇಳ್ತಿಲ್ಲ. ಅದರಲ್ಲಿ ಯಾರ ಬಣ್ಣದ ಮಾತೂ ಇಲ್ಲ. ಆದರೆ ದಕ್ಷಿಣದ ಕಪ್ಪು ಮನುಷ್ಯನೊಬ್ಬ ಜ್ಯೂರಿ ಎಂಬ ಪದವನ್ನು ಬಾಯಿಗೆ ತಂದಾಗ, ಕೇಳಿಸಿಕೊಂಡವರ ಹೊಟ್ಟೆಯಲ್ಲಿ ಏನಾಗಿರಬಹುದು? ಪ್ರೀತಿಗೆ ಶಿಕ್ಷೆ ಅನ್ನೋದು ಯಾರಿಗೆ ರೂಪಕ, ಯಾರಿಗೆ ಪೇಪರಿನ ಸುದ್ದಿ? ನಮಗೂ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದಿನ ವರ್ಷ, 1968ರ ಫೆಬ್ರವರಿಯಲ್ಲಿ, ಮೆಂಫಿಸ್‌ನಲ್ಲಿ ಇಬ್ಬರು ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1300 ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅಲ್ಲೇ ಕೊಲೆಯಾದರು. ಇಂಥ ಊರಲ್ಲಿ ಇದ್ದುಕೊಂಡು ಪ್ರೇಮವೈಫಲ್ಯದ ಹಾಡುಗಳಾ ಅಂತ ಮೊದಮೊದಲು ನನಗೂ ಸಿಟ್ಟು ಬರುತ್ತಿತ್ತು. ಈಗ ಬರೋದಿಲ್ಲ. ಘೋಷಣೆ ಕೂಗಿದ ರಾತ್ರಿ ಮನೆಗೆ ಹೋಗಿ ಮಲಗೋಕಾಗದೆ ಒದ್ದಾಡುವ ಮನುಷ್ಯನಿಗೂ ಒಂದು ಹಾಡು ಬೇಕಲ್ವಾ? 1971ರ ‘ಎ ನಿಕಲ್ ಅಂಡ್ ಎ ನೇಲ್’ ಕೇಳಿ. ಒಂದು ಕಾಲಕ್ಕೆ ಜೇಬು ತುಂಬ ದುಡ್ಡಿದ್ದವನ ಹತ್ತಿರ ಈಗ ಉಳಿದಿರೋದು ಐದು ಸೆಂಟಿನ ಒಂದು ನಾಣ್ಯ, ಒಂದು ಮೊಳೆ. ಬಡತನದ ಅವಮಾನವನ್ನು ಇಷ್ಟು ಸಣ್ಣ ವಸ್ತುಗಳಲ್ಲಿ ಹಿಡಿದ ಭಾಷಣ ನಾನಂತೂ ಕೇಳಿಲ್ಲ.

ಈ ರೆಕಾರ್ಡುಗಳ ಅರ್ಧ ಪುಣ್ಯ ವಿಲ್ಲಿ ಮಿಚೆಲ್‌ಗೆ ಸೇರಬೇಕು. ಮೆಂಫಿಸ್‌ನ ದಕ್ಷಿಣದಲ್ಲಿ ಹಳೆಯ ಸಿನಿಮಾ ಥಿಯೇಟರೊಂದನ್ನು ರಾಯಲ್ ಸ್ಟುಡಿಯೋ ಮಾಡಿಕೊಂಡಿದ್ದರು. ಸೀಟುಗಳು ಹೋದರೂ ನೆಲದ ಇಳಿಜಾರು ಹಾಗೇ ಉಳಿದಿತ್ತು. ಅಲ್ಲಿ ಹಾಜಸ್ ಸೋದರರು ಗಿಟಾರ್, ಬಾಸ್, ಆರ್ಗನ್ ನುಡಿಸುತ್ತಿದ್ದರು, ಹೊವರ್ಡ್ ಗ್ರೈಮ್ಸ್ ಡ್ರಮ್ಸ್. ಮಿಚೆಲ್‌ಗೆ ಖಾಲಿ ಜಾಗದ ಬೆಲೆ ಗೊತ್ತಿತ್ತು, ವಾದ್ಯಗಳು ಗಾಯಕನ ಮೈಮೇಲೆ ಬೀಳುತ್ತಿರಲಿಲ್ಲ. ಇದೇ ಕೋಣೆಯಲ್ಲಿ, ಇದೇ ವಾದ್ಯಗಾರರ ಜೊತೆ ಆಲ್ ಗ್ರೀನ್ 1972ರಲ್ಲಿ ‘ಲೆಟ್ಸ್ ಸ್ಟೇ ಟುಗೆದರ್’ ಹಾಡಿ ಇಡೀ ಅಮೆರಿಕದ ನಂಬರ್ ಒನ್ ಆದ. ಗ್ರೀನ್ ಪಿಸುಗುಟ್ಟುತ್ತಾನೆ, ನಗುತ್ತಾನೆ, ನಿಮ್ಮ ಪಕ್ಕಕ್ಕೆ ಸರಿಯುತ್ತಾನೆ. ರೈಟ್ ದೂರದಲ್ಲಿ ನಿಂತೇ ಇರುತ್ತಾನೆ. ಗ್ರೀನ್‌ನನ್ನು ಇಷ್ಟಪಡೋದು ಸುಲಭ, ನನಗೂ ಇಷ್ಟ. ಆದರೆ ಮಿಚೆಲ್ ತನ್ನ ಕುಲುಮೆಯನ್ನು ಹದ ಮಾಡಿಕೊಂಡದ್ದು ರೈಟ್‌ನಂಥ ದನಿಯ ಮೇಲೆ ಅಂತ ನನ್ನ ಅನಿಸಿಕೆ.

1973ರಲ್ಲಿ ರೋಬಿ ತನ್ನ ಕಂಪನಿಗಳನ್ನೆಲ್ಲ ಎಬಿಸಿಗೆ ಮಾರಿದ. ಹಾಡುಗಳು ಮಾರಾಟವಾದವು, ಜೊತೆಗೆ ಗಾಯಕರ ಕರಾರುಗಳೂ. ರೈಟ್ ಆ ಹೊತ್ತಿಗೆ ಮಾದಕ ವಸ್ತುವಿನ ಹಿಡಿತಕ್ಕೆ ಸಿಕ್ಕಿದ್ದ. ಎಪ್ಪತ್ತರ ದಶಕದ ನಡುವಿನಲ್ಲಿ ಆ ಆರೋಪದ ಮೇಲೆ ಜೈಲಿಗೂ ಹೋದ. ಕನಸಿನ ಕಟಕಟೆಯಲ್ಲಿ ನಿಂತಿದ್ದವನು ನಿಜದ ಕಟಕಟೆಗೆ ಬಂದ ಅಂತ ಬರೆಯೋಕೆ ಕೈ ತುರಿಸುತ್ತೆ. ಅದು ಸಲೀಸಾದ ಸಾಲು. ವ್ಯಸನಕ್ಕೆ ಬಿದ್ದ ಬಡವನಿಗೆ ಚಿಕಿತ್ಸೆಯ ಬದಲು ಸರಳು ತೋರಿಸಿದ ಕಾಲ ಅದು, ಅದರಲ್ಲಿ ಕಾವ್ಯ ಏನಿಲ್ಲ.

ಹೊರಗೆ ಬಂದವನನ್ನು ಮಿಚೆಲ್ ಮತ್ತೆ ಕರೆದ. ಈ ಸಲ ತನ್ನದೇ ಹೈ ರೆಕಾರ್ಡ್ಸ್‌ಗೆ. 1977ರ ‘ಇನ್‌ಟು ಸಮ್‌ಥಿಂಗ್’ ಹಾಡಿನಲ್ಲಿ ಯಾವುದಕ್ಕೋ ಸಿಕ್ಕಿಕೊಂಡಿದ್ದೀನಿ, ಕೊಡವಿಕೊಳ್ಳೋಕೆ ಆಗ್ತಿಲ್ಲ ಅನ್ನುವ ದನಿ ಹಳೆಯ ರೈಟ್‌ನದಲ್ಲ. ಮೇಲಿನ ಸ್ವರಗಳು ಸವೆದಿವೆ. ಆದರೆ ಸವೆದ ದನಿಯನ್ನು ಎಲ್ಲಿ ನಿಲ್ಲಿಸಬೇಕು ಅಂತ ಅವನಿಗೆ ಗೊತ್ತು. ಊರಲ್ಲಿ ಡಿಸ್ಕೋ ಕುಣಿತಿತ್ತು, ಇವನನ್ನು ಕೇಳುವವರು ಕಮ್ಮಿಯಾಗಿದ್ದರು. 1979ರಲ್ಲಿ ಜಪಾನಿನಲ್ಲಿ ಹಾಡಿದ, ಅಲ್ಲಿನ ಕಛೇರಿ ಲೈವ್ ಆಲ್ಬಂ ಆಗಿ ಬಂತು. ಅದರಲ್ಲಿ ಜನರ ಚಪ್ಪಾಳೆ ಕೇಳುವಾಗ ನನಗೆ ಖುಷಿಯ ಜೊತೆ ಸಂಕಟವೂ ಆಗುತ್ತೆ. ಅವನ ನಾಡಿನ ದೊಡ್ಡ ಸಭಾಂಗಣಗಳಿಂದ ಬರಬೇಕಿದ್ದ ಚಪ್ಪಾಳೆ ಅದು.

ಮರುವರ್ಷ, 1980ರ ನವೆಂಬರ್ 16ರಂದು, ಅಲಬಾಮಾದಲ್ಲಿ ಆಂಬುಲೆನ್ಸ್ ಒಳಗೆ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 41. ಮೆಂಫಿಸ್ ಹತ್ತಿರದ ಗ್ಯಾಲಿಲೀ ಮೆಮೋರಿಯಲ್ ಗಾರ್ಡನ್ಸ್‌ನಲ್ಲಿ ಹೂತರು. ಗೋರಿಯ ಮೇಲೆ ಕಲ್ಲಿರಲಿಲ್ಲ. ಹೆಸರೂ ಇರಲಿಲ್ಲ.

ಹೆಸರಿಲ್ಲದ ಆ ವರ್ಷಗಳಲ್ಲೂ ದನಿ ಓಡಾಡುತ್ತಲೇ ಇತ್ತು. ಗುಲಾಮಗಿರಿಯ ಕಾಲದಿಂದ ಬಂದ, ತಾಯಿಯಿಲ್ಲದ ಕೂಸಿನ ಒಂದು ಹಾಡಿದೆ. ರೈಟ್ ಅದನ್ನು ತನ್ನ ರೀತಿಯಲ್ಲಿ ಹಾಡಿದ್ದ. 1996ರಲ್ಲಿ ನ್ಯೂಯಾರ್ಕಿನ ರ‍್ಯಾಪರ್ ಘೋಸ್ಟ್‌ಫೇಸ್ ಕಿಲ್ಲಾನ ಆಲ್ಬಮ್ಮಿನಲ್ಲಿ ಆರ್‌ಝಡ್‌ಎ ಆ ದನಿಯನ್ನೇ ಕತ್ತರಿಸಿ ಬೀಟಿನ ಕೆಳಗೆ ಇಟ್ಟ. ನನಗೆ ರೈಟ್ ಸಿಕ್ಕಿದ್ದೂ ಹೀಗೇ, ಹಿಪ್‌ಹಾಪ್ ಕೇಳುತ್ತಾ ಹಿಂದೆ ಯಾರೋ ನರಳ್ತಿದ್ದಾರಲ್ಲ ಯಾರದು ಅಂತ ಹುಡುಕಿದಾಗ.

ಸತ್ತು 28 ವರ್ಷವಾದ ಮೇಲೆ, 2008ರಲ್ಲಿ, ಅಭಿಮಾನಿಗಳು ಚಂದಾ ಎತ್ತಿ ಗೋರಿಗೆ ಕಲ್ಲು ಹಾಕಿಸಿದರು. ಅದಾಗಿ ಆರು ವರ್ಷಕ್ಕೆ ಅದೇ ಸ್ಮಶಾನದಲ್ಲಿ ಒಂದೇ ಗುಂಡಿಯಲ್ಲಿ ಹಲವು ಶವಗಳನ್ನು ಹೂಳಿದ ಆರೋಪ ಬಂದು, ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಬಡ ಕಪ್ಪು ಜನ ಸತ್ತ ಮೇಲೂ ಜಾಗಕ್ಕಾಗಿ ಹೊಡೆದಾಡಬೇಕಾಯಿತು.

ಈ ಬರಹ ಮುಗಿಸುವ ಮುಂಚೆ ‘ಎಯ್ಟ್ ಮೆನ್, ಫೋರ್ ವಿಮೆನ್’ ಇನ್ನೊಮ್ಮೆ ಹಾಕಿದೆ. ಎರಡನೇ ಚರಣದಲ್ಲಿ ಎಂದಿನಂತೆ ಕೈಯಲ್ಲಿದ್ದ ಕೆಲಸ ನಿಂತಿತು. ಹಾಡು ಮುಗಿದ ಮೇಲೆ ಬರೆದವರು ಯಾರು ಅಂತ ನೋಡಿದೆ. ಡೆಡ್ರಿಕ್ ಮಲೋನ್ ಅಂತಿತ್ತು.