ವೀರರ ಸಭೆ ಕಟ್ಟಿದ ವಕೀಲ

ಒಂದು ತಂಡದಲ್ಲಿ ಯಾರಿರಬೇಕು, ಯಾರನ್ನು ಕೈಬಿಡಬೇಕು ಎಂಬ ಚರ್ಚೆಗೆ ಕೊನೆಯೆಂಬುದಿಲ್ಲ. ಅಮೆರಿಕದ ಕಾಮಿಕ್ಸ್ ಓದುಗರು ಎಂಟು ದಶಕಗಳಿಗೂ ಹೆಚ್ಚು ಕಾಲದಿಂದ ಇಂಥದೊಂದು ಚರ್ಚೆಯಲ್ಲಿ ಮುಳುಗಿದ್ದಾರೆ. ಬೇರೆ ಬೇರೆ ಕಥೆಗಳ ಅತಿಮಾನುಷ ವೀರರನ್ನು ಒಂದೆಡೆ ಸೇರಿಸಿ ಮನಸ್ಸಿಗೊಪ್ಪುವ ತಂಡ ಕಟ್ಟುವುದು, ಅದಕ್ಕಾಗಿ ವಾದ ಹೂಡುವುದು ಅವರ ನೆಚ್ಚಿನ ಹವ್ಯಾಸ. ಈ ವಾಗ್ವಾದಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು, ವಕೀಲಿಯನ್ನು ಬಿಟ್ಟು ಕಥೆ ಬರೆಯಲು ಕುಳಿತ ಗಾರ್ಡ್ನರ್ ಫಾಕ್ಸ್.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1911ರಲ್ಲಿ ಜನಿಸಿದ ಫಾಕ್ಸ್, ಕಾನೂನು ಪದವಿ ಪಡೆದು 1935ರಲ್ಲಿ ವಕೀಲರಾಗಿ ನೋಂದಾಯಿಸಿಕೊಂಡರು. ಅದು ಆರ್ಥಿಕ ಮಹಾಕುಸಿತದ ಕಾಲ. ಕೆಲವೇ ವರ್ಷಗಳಲ್ಲಿ ಅವರು ಆಗತಾನೆ ತಲೆಯೆತ್ತುತ್ತಿದ್ದ ಕಾಮಿಕ್ಸ್ ಉದ್ಯಮದತ್ತ ಹೊರಳಿದರು. 1939ರಲ್ಲಿ ಬ್ಯಾಟ್‌ಮ್ಯಾನ್‌ನ ಆರಂಭದ ಕಥೆಗಳಲ್ಲಿ ಕೆಲವನ್ನು ಬರೆದರು. ಚಿತ್ರಕಾರರೊಡಗೂಡಿ ಫ್ಲ್ಯಾಶ್, ಹಾಕ್‌ಮ್ಯಾನ್, ಡಾಕ್ಟರ್ ಫೇಟ್ ಮುಂತಾದ ಪಾತ್ರಗಳನ್ನು ಸೃಷ್ಟಿಸಿದರು.

1940ರ ಕೊನೆಯಲ್ಲಿ ಬಂದ 'ಆಲ್ ಸ್ಟಾರ್ ಕಾಮಿಕ್ಸ್'ನ ಮೂರನೆಯ ಸಂಚಿಕೆ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಸಂಪಾದಕ ಶೆಲ್ಡನ್ ಮೇಯರ್ ಅವರೊಂದಿಗೆ ಫಾಕ್ಸ್ ರೂಪಿಸಿದ 'ಜಸ್ಟಿಸ್ ಸೊಸೈಟಿ ಆಫ್ ಅಮೆರಿಕ'ದಲ್ಲಿ ಎಂಟು ವೀರರು ಒಂದೇ ಮೇಜಿನ ಸುತ್ತ ಕುಳಿತರು. ಅವರು ಎರಡು ಸೋದರ ಪ್ರಕಾಶನ ಸಂಸ್ಥೆಗಳಿಗೆ ಸೇರಿದವರು. ಒಂದೊಂದರಿಂದ ನಾಲ್ಕು ಮಂದಿ. ಹೀಗೆ ಮೊದಲ ತಂಡವೇ ಒಂದು ಸಮ್ಮಿಶ್ರ ಸರ್ಕಾರದಂತಿತ್ತು.

ಆ ಸರ್ಕಾರಕ್ಕೊಂದು ವಿಚಿತ್ರ ನಿಯಮವೂ ಇತ್ತು. ಸ್ವಂತ ಪತ್ರಿಕೆ ದೊರೆಯುವಷ್ಟು ಜನಪ್ರಿಯನಾದ ವೀರ ಗೌರವ ಸದಸ್ಯನಾಗಿ ಬದಿಗೆ ಸರಿಯಬೇಕು. ಸೂಪರ್‌ಮ್ಯಾನ್ ಮತ್ತು ಬ್ಯಾಟ್‌ಮ್ಯಾನ್ ಇದೇ ಕಾರಣಕ್ಕೆ ಹೊರಗುಳಿದರು. ಫ್ಲ್ಯಾಶ್ ಕೂಡ ಬೇಗನೆ ನಿರ್ಗಮಿಸಿದ. ಇದರ ಹಿಂದಿದ್ದುದು ಶುದ್ಧ ವ್ಯಾಪಾರದ ಲೆಕ್ಕ. ಹೆಸರಾದವರಿಗೆ ಪ್ರಚಾರ ಬೇಕಿಲ್ಲ, ಹೆಸರಾಗಬೇಕಾದವರಿಗೆ ಬೇಕು. ತಂಡದ ಪಟ್ಟಿಯನ್ನು ಶೌರ್ಯ ಮಾತ್ರವಲ್ಲ, ಮಾರುಕಟ್ಟೆಯೂ ನಿರ್ಧರಿಸುತ್ತದೆ ಎಂಬ ಸತ್ಯ ಅಂದೇ ಸ್ಪಷ್ಟವಾಗಿತ್ತು. 1942ರಲ್ಲಿ ವಂಡರ್ ವುಮನ್ ಈ ತಂಡವನ್ನು ಸೇರಿದಾಗ ಅಂಥ ಬಲಶಾಲಿಗೆ ದಕ್ಕಿದ್ದು ಕಾರ್ಯದರ್ಶಿಯ ಹುದ್ದೆ! ಆ ಕಾಲದ ಮನೋಭಾವಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1951ರಲ್ಲಿ ಸೊಸೈಟಿಯ ಕಥೆಗಳು ನಿಂತವು. 1960ರಲ್ಲಿ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಅದೇ ಕಲ್ಪನೆಗೆ ಮರುಜೀವ ನೀಡಲು ಬಯಸಿದಾಗ ಲೇಖನಿ ಮತ್ತೆ ಫಾಕ್ಸ್ ಕೈಗೆ ಬಂತು. ಏಳು ಸದಸ್ಯರ 'ಜಸ್ಟಿಸ್ ಲೀಗ್' ಹುಟ್ಟಿತು. ಅದರ ಮಾರಾಟವನ್ನು ಕಂಡೇ ಪ್ರತಿಸ್ಪರ್ಧಿ ಮಾರ್ವೆಲ್ 1961ರಲ್ಲಿ 'ಫೆಂಟಾಸ್ಟಿಕ್ ಫೋರ್' ತಂಡವನ್ನು ಕಣಕ್ಕಿಳಿಸಿತು.

ತಂಡದ ಕಥೆ ಬರೆಯುವುದು ಹೊರನೋಟಕ್ಕೆ ಕಾಣುವಷ್ಟು ಸುಲಭವಲ್ಲ. ಸೂಪರ್‌ಮ್ಯಾನ್ ಇರುವಲ್ಲಿ ಉಳಿದವರಿಗೇನು ಕೆಲಸ? ಫಾಕ್ಸ್ ವೀರರನ್ನು ಸಣ್ಣ ಗುಂಪುಗಳಾಗಿ ಒಡೆದು, ಪ್ರತಿ ಗುಂಪಿಗೂ ಪ್ರತ್ಯೇಕ ಸವಾಲು ಒಡ್ಡಿ, ಕೊನೆಗೆ ಎಲ್ಲರನ್ನೂ ಒಗ್ಗೂಡಿಸುತ್ತಿದ್ದರು. ಶ್ರಮವಿಭಜನೆಯ ತತ್ತ್ವ ಇದಕ್ಕಿಂತ ಬೇರೆಯಲ್ಲ. ಯಾರ ಜತೆ ಯಾರನ್ನು ಕಳುಹಿಸಬೇಕು ಎಂಬ ಅಭಿಮಾನಿಗಳ ವಾದಕ್ಕೆ ಆಸ್ಪದ ಸಿಕ್ಕಿದ್ದೂ ಇಲ್ಲಿಯೇ.

ಆ ಅಭಿಮಾನಿಗಳನ್ನು ಫಾಕ್ಸ್ ಕಡೆಗಣಿಸಲಿಲ್ಲ. ಹಳೆಯ ಸೊಸೈಟಿಯನ್ನು ಮರೆಯದ ಜೆರ್ರಿ ಬೇಲ್ಸ್ ಎಂಬ ಪ್ರಾಧ್ಯಾಪಕರೊಂದಿಗೆ ಪತ್ರವ್ಯವಹಾರ ನಡೆಸಿದರು. ರಾಯ್ ಥಾಮಸ್ ಎಂಬ ತರುಣ ಪತ್ರ ಬರೆದಾಗ ಬೇಲ್ಸ್ ಅವರ ಪರಿಚಯ ಮಾಡಿಕೊಟ್ಟರು. ಆ ಸ್ನೇಹದಿಂದ 1961ರಲ್ಲಿ 'ಆಲ್ಟರ್ ಇಗೊ' ಎಂಬ ಅಭಿಮಾನಿ ಪತ್ರಿಕೆ ಹೊರಬಂತು. ಅದೇ ವರ್ಷ ಫಾಕ್ಸ್ ಬರೆದ ಕಥೆಯೊಂದರಲ್ಲಿ ಹೊಸ ಫ್ಲ್ಯಾಶ್ ಮತ್ತೊಂದು ಭೂಮಿಗೆ ಹೋಗಿ ಹಳೆಯ ಫ್ಲ್ಯಾಶ್‌ನನ್ನು ಭೇಟಿಯಾದ. 1963ರಲ್ಲಿ ಲೀಗ್ ಮತ್ತು ಸೊಸೈಟಿ ಮುಖಾಮುಖಿಯಾದವು. ಇಂದಿನ ಚಲನಚಿತ್ರಗಳ 'ಬಹುವಿಶ್ವ'ದ ಒಂದು ಮುಖ್ಯ ಬೇರು ಇಲ್ಲಿದೆ.

ನಾಲ್ಕು ಸಾವಿರಕ್ಕೂ ಹೆಚ್ಚು ಕಥೆಗಳನ್ನು ಬರೆದರೆಂದು ಅಂದಾಜಿಸಲಾದ ಈ ಲೇಖಕರಿಗೆ ದೊರೆತದ್ದೇನು? ಅವರ ವೀರರೆಲ್ಲ ಪ್ರಕಾಶಕರ ಸ್ವತ್ತು. ಅವರಿಗೆ ಸಂದದ್ದು ಬರೆದ ಪುಟದ ಕೂಲಿ. 1968ರಲ್ಲಿ ಹಿರಿಯ ಲೇಖಕರು ಆರೋಗ್ಯ ವಿಮೆ ಮತ್ತಿತರ ಸೌಲಭ್ಯ ಕೇಳಿದಾಗ ಸಂಸ್ಥೆ ನಿರಾಕರಿಸಿತು. ಮೂರು ದಶಕಗಳ ಸಂಬಂಧ ಮುರಿದುಬಿತ್ತು. ವೀರರಿಗೆ ನ್ಯಾಯದ ಹೆಸರಿನ ಎರಡು ಸಂಘಗಳನ್ನು ಕಟ್ಟಿಕೊಟ್ಟವರ ಬೆನ್ನಿಗೆ ನಿಲ್ಲಲು ಸಂಘವೇ ಇರಲಿಲ್ಲ. ಕಾನೂನು ಓದಿದ್ದ ಅವರಿಗೆ ಕಾನೂನು ಯಾರ ಪರವಾಗಿದೆ ಎಂಬುದು ತಿಳಿಯದಿರಲು ಸಾಧ್ಯವಿಲ್ಲ. ಆ ಬಳಿಕ ಕಾದಂಬರಿಗಳನ್ನು ಬರೆದು ಬದುಕು ಸಾಗಿಸಿದ ಫಾಕ್ಸ್, 1986ರ ಡಿಸೆಂಬರ್ 24ರಂದು ನಿಧನರಾದರು.

ಸೂಪರ್‌ಮ್ಯಾನ್‌ನ ಸೃಷ್ಟಿಕರ್ತರಿಗೆ ವಾರ್ಷಿಕ ವೇತನ ನೀಡಲು ಒಡೆಯ ಸಂಸ್ಥೆ ಒಪ್ಪಿದ್ದು 1975ರಲ್ಲಿ, ಸಾರ್ವಜನಿಕರ ಒತ್ತಡಕ್ಕೆ ಮಣಿದು. ಓದುಗರ ದನಿಗೆ ಅಷ್ಟು ಬಲವಿದೆ ಎಂದಾಯಿತು. ತಂಡದಲ್ಲಿ ಹಾಕ್‌ಮ್ಯಾನ್ ಇರಬೇಕೇ ಎಂದು ಪತ್ರ ಬರೆಯುವ ಉತ್ಸಾಹ, ಹಾಕ್‌ಮ್ಯಾನ್‌ನನ್ನು ಬರೆದವರಿಗೆ ವೃದ್ಧಾಪ್ಯದಲ್ಲಿ ಆಸರೆಯಿದೆಯೇ ಎಂದು ಕೇಳುವವರೆಗೂ ವಿಸ್ತರಿಸಿದ್ದರೆ ಫಾಕ್ಸ್ ಅವರ ಕೊನೆಯ ವರ್ಷಗಳು ಬೇರೆಯಾಗಿರಬಹುದಿತ್ತು. ಕಲೆಯನ್ನು ಮೆಚ್ಚುವವರೆಲ್ಲರಿಗೂ ಅನ್ವಯಿಸುವ ಪ್ರಶ್ನೆಯಿದು.