ಜಪದ ಲೆಕ್ಕವಿಟ್ಟ ಸಂಗೀತಗಾರ ಆಂಟನ್ ಬ್ರುಕ್ನರ್

ನಮ್ಮ ದೇವಾಲಯದ ನೂರು ವರ್ಷಗಳ ಚರಿತ್ರೆಗಾಗಿ ಹಳೆಯ ಪೆಟ್ಟಿಗೆಗಳನ್ನು ತೆರೆದಾಗ ಜ್ಞಾನಸ್ನಾನದ ದಾಖಲೆಗಳೇನೋ ನಮಗೆ ದೊರೆತವು. ಆದರೆ ಗಾನವೃಂದದ ಹಿರಿಯರು ಕೈಯಾರೆ ಬರೆದಿಟ್ಟಿದ್ದ ಹಾಡಿನ ಪುಸ್ತಕಗಳಲ್ಲಿ ಗೆದ್ದಲು ಬಿಟ್ಟುಹೋದದ್ದು ರಟ್ಟು ಮಾತ್ರ. ಆ ವ್ಯಥೆಯಲ್ಲಿದ್ದಾಗ ನಮಗೆ ನೆನಪಾದವರು ಗುರುಮಠದ ದಿನಗಳಿಂದಲೂ ನಮಗೆ ಪ್ರಿಯರಾದ ಆಂಟನ್ ಬ್ರುಕ್ನರ್. ಇವರು ತಮ್ಮ ಕಾಗದಗಳನ್ನು ಕಾಪಾಡಿಕೊಂಡ ಬಗೆಯೂ, ಕೆಲವನ್ನು ಲೋಕವು ಕಳೆದುಕೊಂಡ ಬಗೆಯೂ ಅರಿಯತಕ್ಕದ್ದಾಗಿವೆ.

ಬ್ರುಕ್ನರರು 1824ರ ಸೆಪ್ಟೆಂಬರ್ 4ರಂದು ಆಸ್ಟ್ರಿಯಾ ದೇಶದ ಆನ್ಸ್‌ಫೆಲ್ಡೆನ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಶಾಲಾ ಉಪಾಧ್ಯಾಯರು. ದೇವಾಲಯದಲ್ಲಿ ಆರ್ಗನ್ ನುಡಿಸುವುದೂ ಅವರದೇ ಹೊಣೆ. 1837ರಲ್ಲಿ ತಂದೆ ತೀರಿಕೊಂಡಾಗ ತಾಯಿ ತೆರೇಸಿಯಾ ಹಿರಿಯ ಮಗನನ್ನು ಸಮೀಪದ ಸಂತ ಫ್ಲೋರಿಯನ್ ಮಠಕ್ಕೆ ಕರೆದೊಯ್ದು ಗಾಯಕ ಬಾಲಕನಾಗಿ ಸೇರಿಸಿದರು. ಆ ಮಠದ ಮಹಾ ಆರ್ಗನ್ನಿನ ನಾದ ಅವರನ್ನು ಜೀವಮಾನವಿಡೀ ಬಿಡಲಿಲ್ಲ. ಹದಿನೇಳರ ಹರೆಯದಲ್ಲಿ ವಿಂಡ್‌ಹಾಗ್ ಎಂಬಲ್ಲಿ ಸಹಾಯಕ ಉಪಾಧ್ಯಾಯರಾದಾಗ ಪಾಠ ಹೇಳುವುದಲ್ಲದೆ ಗಂಟೆ ಬಾರಿಸುವುದು, ಹೊಲಕ್ಕೆ ಗೊಬ್ಬರ ಹರಡುವುದು ಕೂಡ ಅವರ ಪಾಲಿಗೆ ಬಂದವು. ನಮ್ಮ ಹಳೆಯ ಉಪದೇಶಿಗಳ ಕಷ್ಟವನ್ನು ಬಲ್ಲವರಿಗೆ ಇದು ಹೊಸತೆನಿಸದು.

ಮುಂದೆ ಲಿಂಟ್ಸ್ ಪ್ರಧಾನಾಲಯದ ಆರ್ಗನ್ ವಾದಕರಾದರು. ಅಲ್ಲಿನ ಧರ್ಮಾಧ್ಯಕ್ಷ ರುಡಿಗಿಯರ್ ಅವರ ಆಶ್ರಯವಿದ್ದರೂ 1867ರಲ್ಲಿ ಅವರ ಮನಸ್ಸು ಕುಸಿಯಿತು. ಕಂಡದ್ದನ್ನೆಲ್ಲ ಎಣಿಸುವ ಗೀಳು ಹತ್ತಿತು. ಚಿಕಿತ್ಸೆಯಿಂದ ಚೇತರಿಸಿಕೊಂಡು, 1868ರಲ್ಲಿ ವಿಯೆನ್ನಾದ ಸಂಗೀತ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಮನೆ ನೋಡಿಕೊಳ್ಳಲು ಜೊತೆಗೆ ಬಂದ ತಂಗಿ ಮರಿಯಾ ಆನ್ನಾ 1870ರಲ್ಲಿಯೇ ತೀರಿಕೊಂಡರು. ಬ್ರುಕ್ನರರು ಮದುವೆಯಾಗಲಿಲ್ಲ. ಉಳಿದ ಕುಟುಂಬವೆಂದರೆ ತಂಗಿ ರೊಸಾಲಿಯಾ ಮತ್ತು ಸಂತ ಫ್ಲೋರಿಯನ್ನಿನಲ್ಲಿದ್ದ ತಮ್ಮ ಇಗ್ನಾಟ್ಸ್.

ಅವರ ಕಾಗದಗಳಲ್ಲಿ ನಮ್ಮ ಮನಸ್ಸನ್ನು ಸೆಳೆದವು ಸಿಂಫನಿಗಳ ಹಸ್ತಪ್ರತಿಗಳಿಗಿಂತಲೂ ಅವರ ಕಿಸೆಯ ಪಂಚಾಂಗಗಳು. ಶಿಷ್ಯರಿಂದ ಬರಬೇಕಾದ ಶುಲ್ಕ, ವಿಳಾಸಗಳು, ನೃತ್ಯಕೂಟದಲ್ಲಿ ಜೊತೆಗೆ ಕುಣಿದ ಕನ್ಯೆಯರ ಹೆಸರುಗಳು (ಇದನ್ನು ಓದಿ ನಾವು ನಕ್ಕೆವು) ಎಲ್ಲವೂ ಅಲ್ಲಿವೆ. ಇವುಗಳ ನಡುವೆ ದಿನದಿನವೂ ಹೇಳಿದ ಜಪಗಳ ಲೆಕ್ಕವಿದೆ: ಪರಲೋಕ ಜಪಕ್ಕೆ ಒಂದಕ್ಷರ, ನಮೋ ಮರಿಯಾ ಜಪಕ್ಕೆ ಇನ್ನೊಂದು, ಜಪಸರಕ್ಕೆ ಮತ್ತೊಂದು, ಎಷ್ಟು ಸಲವೆಂಬುದಕ್ಕೆ ಕೆಳಗೆ ಗೆರೆಗಳು. ಇದನ್ನು ಎಣಿಸುವ ರೋಗವೆಂದು ಹೇಳುವವರುಂಟು. ರೋಗವೂ ಇದ್ದಿರಬಹುದು. ಆದರೆ ಎಣಿಸುವ ಮನಸ್ಸು ಎಣಿಸಲೇಬೇಕಾದರೆ ಜಪವನ್ನು ಎಣಿಸಲೆಂದು ತನ್ನ ದೌರ್ಬಲ್ಯವನ್ನೇ ದೇವರಿಗೆ ಒಪ್ಪಿಸಿದ ಮನುಷ್ಯನನ್ನು ನಾವು ಅಲ್ಲಿ ಕಾಣುತ್ತೇವೆ. ಪಾಪನಿವೇದನೆಯ ಪೀಠದಲ್ಲಿ ಇಂಥ ಆತ್ಮಗಳನ್ನು ನಾವು ಬಲ್ಲೆವು.

1877ರ ಡಿಸೆಂಬರ್ 16ರಂದು ಅವರ ಮೂರನೆಯ ಸಿಂಫನಿ ವಿಯೆನ್ನಾದಲ್ಲಿ ಮೊದಲ ಬಾರಿಗೆ ನುಡಿಸಲ್ಪಟ್ಟಿತು. ನಿರ್ದೇಶಿಸಬೇಕಿದ್ದ ಹೆರ್ಬೆಕ್ ಕೆಲವೇ ವಾರಗಳ ಹಿಂದೆ ಮರಣಹೊಂದಿದ್ದರಿಂದ ಬ್ರುಕ್ನರರೇ ನಿಂತು ನಡೆಸಿದರು. ಸಭಿಕರು ಗುಂಪುಗುಂಪಾಗಿ ಎದ್ದುಹೋದರು. ಕಡೆಗೆ ಉಳಿದ ಬೆರಳೆಣಿಕೆಯ ಜನರಲ್ಲಿ ತರುಣ ಮಾಹ್ಲರ್ ಒಬ್ಬರು. ಏಳು ವರ್ಷಗಳ ಬಳಿಕ, 1884ರ ಡಿಸೆಂಬರ್ 30ರಂದು, ಲೈಪ್‌ಜಿಗ್ ನಗರದಲ್ಲಿ ನಿಕಿಶ್ ಅವರು ಏಳನೆಯ ಸಿಂಫನಿಯನ್ನು ನಡೆಸಿದ ಮೇಲೆಯೇ ಅವರ ಕೀರ್ತಿ ಹರಡಿತು.

ಅವರ ಕೃತಿಗಳನ್ನು ಸ್ನೇಹಿತರೂ ಶಿಷ್ಯರೂ ಸದುದ್ದೇಶದಿಂದಲೇ ತಿದ್ದಿ ಮೊಟಕುಗೊಳಿಸುತ್ತಿದ್ದರು. ಕೆಲವಕ್ಕೆ ಅವರೂ ಒಪ್ಪಿದರು. ಆದರೆ 1893ರ ನವೆಂಬರ್‌ನಲ್ಲಿ ಬರೆದ ಮರಣಶಾಸನದಲ್ಲಿ ತಮ್ಮ ಮುಖ್ಯ ಕೃತಿಗಳ ಮೂಲ ಹಸ್ತಪ್ರತಿಗಳನ್ನು ವಿಯೆನ್ನಾದ ರಾಜ ಗ್ರಂಥಾಲಯಕ್ಕೆ ಒಪ್ಪಿಸಿದರು. ಉಳಿದ ಆಸ್ತಿ ಇಗ್ನಾಟ್ಸ್‌ಗೂ ರೊಸಾಲಿಯಾಗೂ ಸಲ್ಲಬೇಕಾಗಿತ್ತು. ಇದರ ಫಲ ಬಹುಕಾಲದ ನಂತರ ಕಂಡಿತು. ಒಂಬತ್ತನೆಯ ಸಿಂಫನಿಯನ್ನು 1903ರಲ್ಲಿ ಲೋವೆ ಎಂಬ ಶಿಷ್ಯರು ತಮ್ಮ ತಿದ್ದುಪಡಿಗಳೊಡನೆ ಲೋಕಕ್ಕೆ ತಂದಿದ್ದರು. 1932ರಲ್ಲಿ ಮ್ಯೂನಿಕ್ ನಗರದಲ್ಲಿ ಆ ರೂಪವನ್ನೂ ಮೂಲರೂಪವನ್ನೂ ಒಂದೇ ದಿನ ಕೇಳಿಸಿದಾಗ ಗುರುವಿನ ಬರಹವೇ ಗೆದ್ದಿತು.

ಆ ಒಂಬತ್ತನೆಯ ಕೃತಿಯನ್ನು ಅವರು ದೇವರಿಗೇ ಅರ್ಪಿಸಿದ್ದರು. ಅದರ ನಾಲ್ಕನೆಯ ಭಾಗ ಮುಗಿಯಲಿಲ್ಲ. ಮುಗಿಯದಿದ್ದರೆ ತಮ್ಮ ತೆ ದೇಯುಮ್ ಸ್ತೋತ್ರಗಾನವನ್ನು ಅಲ್ಲಿ ಹಾಡಬಹುದೆಂದು ಸೂಚಿಸಿದ್ದರು. ಚಕ್ರವರ್ತಿ ಕೊಟ್ಟಿದ್ದ ಬೆಲ್ವೆಡೆರೆ ಅರಮನೆಯ ಪುಟ್ಟ ವಸತಿಯಲ್ಲಿ 1896ರ ಅಕ್ಟೋಬರ್ 11ರಂದು ಅವರು ಕೊನೆಯುಸಿರೆಳೆದರು. ಕಾಗದಗಳನ್ನು ಭದ್ರಪಡಿಸುವ ಮುನ್ನವೇ ಆ ನಾಲ್ಕನೆಯ ಭಾಗದ ಹಾಳೆಗಳು ನೆನಪಿಗೆಂದು ಒಬ್ಬೊಬ್ಬರ ಕೈಸೇರಿ ಚದುರಿದವು. ಒಯ್ದವರಲ್ಲಿ ಕಳ್ಳರಿರಲಿಲ್ಲ, ಅಭಿಮಾನಿಗಳೇ ಇದ್ದರೆಂಬುದು ನಮ್ಮನ್ನು ಹೆಚ್ಚು ಕಾಡುತ್ತದೆ. ಹಲವು ಹಾಳೆಗಳು ಮುಂದೆ ಒಂದೊಂದಾಗಿ ಮರಳಿದವು. ಕೆಲವು ಇಂದಿಗೂ ಸಿಕ್ಕಿಲ್ಲ.

ಅವರ ಇಚ್ಛೆಯಂತೆ ದೇಹವನ್ನು ಸಂತ ಫ್ಲೋರಿಯನ್ನಿಗೆ ಒಯ್ದು, ಬಾಲ್ಯದಲ್ಲಿ ಕೇಳಿದ ಅದೇ ಮಹಾ ಆರ್ಗನ್ನಿನ ಕೆಳಗಿನ ನೆಲಮಾಳಿಗೆಯಲ್ಲಿ ಇರಿಸಲಾಯಿತು. ತಮ್ಮ ಇಗ್ನಾಟ್ಸ್ ಅದೇ ಊರಿನಲ್ಲಿ 1913ರವರೆಗೆ ಜೀವಿಸಿದ್ದರು.