ಗದ್ದಲವನ್ನು ದಾಟಿದ ಮಾತು

ಮಳೆಗಾಲದಲ್ಲಿ ಕೊಣ್ಣೂರಿನಿಂದ ಗೋಕಾಕ ಜಲಪಾತದ ಬಳಿಗೆ ಹೋದವರಿಗೆ ಒಂದು ಅನುಭವ ತಪ್ಪದು. ಘಟಪ್ರಭೆಯು ಸುಮಾರು 52 ಮೀಟರು ಎತ್ತರದಿಂದ ಧುಮುಕುವ ಆರ್ಭಟದಲ್ಲಿ ಪಕ್ಕದಲ್ಲಿ ನಿಂತವನ ಮಾತೂ ಕಿವಿಗೆ ಮುಟ್ಟದು. ಆದರೆ ಅವನು ಕೈಯೆತ್ತಿ ಸನ್ನೆ ಮಾಡಿದರೆ ಒಡನೆಯೇ ತಿಳಿಯುತ್ತದೆ. ಕೈ ಮೇಲಿದೆಯೋ ಇಲ್ಲವೋ ಎಂಬುದಷ್ಟು ಕಂಡರೆ ಸಾಕು. ಮನುಷ್ಯನ ಮಾತನ್ನೂ ಇಂತಹುದೇ ಸನ್ನೆಯಾಗಿಸಿ ಗದ್ದಲದ ನಡುವೆ ಸಾಗಿಸಬಹುದೆಂದು ಕಂಡುಕೊಂಡವನು ಇಂಗ್ಲೆಂಡಿನ ಅಲೆಕ್ ಹಾರ್ಲೆ ರೀವ್ಸ್.

ರೀವ್ಸ್ 1902ರಲ್ಲಿ ಸರ್ರೆ ಪ್ರಾಂತದ ರೆಡ್‌ಹಿಲ್ ಎಂಬ ಊರಿನಲ್ಲಿ ಜನಿಸಿದನು. ಲಂಡನಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗವನ್ನು ಮುಗಿಸಿ, ಮುಂದೆ ಪ್ಯಾರಿಸ್ಸಿನ ದೂರವಾಣಿ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ನಿಂತನು. ಆ ಕಾಲದ ದೂರವಾಣಿಯಲ್ಲಿ ಧ್ವನಿಯು ದೂರ ಸಾಗಿದಷ್ಟೂ ಕ್ಷೀಣಿಸುತ್ತಿತ್ತು. ನಡುದಾರಿಯಲ್ಲಿ ಅದನ್ನು ವರ್ಧಿಸಿದರೆ, ದಾರಿಯಲ್ಲಿ ಸೇರಿಕೊಂಡ ಕರಕರ ಶಬ್ದವೂ ಅದರೊಡನೆ ವರ್ಧಿಸುತ್ತಿತ್ತು. ಕಳೆ ಕೀಳದೆ ಗೊಬ್ಬರ ಹಾಕಿದಂತೆ! ರೀವ್ಸ್ ಬೇರೊಂದು ಹಾದಿ ಹಿಡಿದನು. ಧ್ವನಿಯ ಏರಿಳಿತವನ್ನು ಕ್ಷಣಕ್ಷಣಕ್ಕೂ ಅಳೆದು, ಆ ಅಳತೆಯನ್ನು ಅಂಕಿಯಾಗಿಸಿ, ಅಂಕಿಯನ್ನು ವಿದ್ಯುತ್ ಸ್ಪಂದಗಳ ಸಾಲಾಗಿ ಕಳುಹಿಸುವುದೇ ಆತನ ಉಪಾಯ. ಸ್ಪಂದವು ಎಷ್ಟೋ ವಿಕಾರಗೊಂಡು ಬಂದರೂ, ಅದು ಇದೆಯೋ ಇಲ್ಲವೋ ಎಂದು ಗುರುತಿಸಲು ಸಾಧ್ಯವಾದರೆ ಸಾಕು. ಕೆಟ್ಟುದನ್ನು ಕೈಬಿಟ್ಟು ಹೊಚ್ಚಹೊಸ ಸ್ಪಂದವನ್ನೇ ಮುಂದಕ್ಕೆ ಕಳುಹಿಸಬಹುದು. 1938ರಲ್ಲಿ ಆತನು ಫ್ರಾನ್ಸಿನಲ್ಲಿ ಇದಕ್ಕೆ ಪೇಟೆಂಟ್ ಕೋರಿದನು.

ಹಾಗೆಂದು ಈ ಉಪಾಯವು ಎಲ್ಲ ಗದ್ದಲವನ್ನೂ ಗೆಲ್ಲುವುದೆಂದು ತಿಳಿಯಬಾರದು. ಮಾತನಾಡುವವನ ಬಾಯಿಯ ಬಳಿಯೇ ಯಂತ್ರದ ಸದ್ದಿದ್ದರೆ, ಅದೂ ಅಂಕಿಗಳಾಗಿ ಮಾತಿನ ಜೊತೆಗೇ ಪ್ರಯಾಣ ಮಾಡುತ್ತದೆ. ಹೆಲಿಕಾಪ್ಟರ್ ಚಾಲಕರು ಧ್ವನಿಗ್ರಾಹಕವನ್ನು ತುಟಿಗೆ ತಾಗುವಷ್ಟು ಹತ್ತಿರ ಇರಿಸಿಕೊಳ್ಳುವುದು ಇದರಿಂದಲೇ.

1940ರಲ್ಲಿ ಜರ್ಮನ್ ಸೇನೆಯು ಪ್ಯಾರಿಸ್ಸನ್ನು ಹೊಕ್ಕಾಗ ರೀವ್ಸ್ ಅಲ್ಲಿಂದ ಪಾರಾಗಿ ಸ್ವದೇಶವನ್ನು ಸೇರಿದನು. ಯುದ್ಧವು ಆತನ ಮನಸ್ಸಿಗೆ ಒಗ್ಗದ ವಿಷಯ. ಆದರೂ ವಿಮಾನಗಳನ್ನು ನಿಖರವಾದ ಗುರಿಗೆ ನಡೆಸುವ ಓಬೋ ಎಂಬ ರೇಡಿಯೋ ವ್ಯವಸ್ಥೆಯನ್ನು ರೂಪಿಸಲು ಒಪ್ಪಿದನು. ಗುರಿ ತಪ್ಪದಿದ್ದರೆ ನಿರಪರಾಧಿಗಳ ಸಾವು ಕಡಿಮೆಯಾದೀತೆಂಬುದು ಆತನ ಭಾವನೆಯಾಗಿತ್ತು.

ಆತನ ಸಂಕೇತಕ್ರಮವು ಮಾತ್ರ ಬಹುಕಾಲ ಸಾರ್ವಜನಿಕ ದೂರವಾಣಿಯ ಬಳಕೆಗೆ ಬರಲಿಲ್ಲ. ಅದಕ್ಕೆ ಬೇಕಾದ ನಿರ್ವಾತ ಕವಾಟಗಳು ಬಹಳ, ವೆಚ್ಚವೂ ಬಹಳ. 1947ರಲ್ಲಿ ಟ್ರಾನ್ಸಿಸ್ಟರ್ ಬಂದ ಮೇಲೆಯೇ ಅದಕ್ಕೆ ಕಾಲ ಕೂಡಿತು. 1962ರಲ್ಲಿ ಅಮೆರಿಕದ ದೂರವಾಣಿ ಮಾರ್ಗಗಳಲ್ಲಿ ಅದು ಬಳಕೆಗೆ ಬಂದಾಗ ರೀವ್ಸ್‌ನ ಪೇಟೆಂಟುಗಳ ಅವಧಿ ತೀರಿಹೋಗಿತ್ತು. ಶೋಧಕನಿಗೆ ಅದರಿಂದ ಹಣದ ಲಾಭ ದೊರೆಯಲಿಲ್ಲ. ಆಗ ಆತನು ಹಾರ್ಲೋ ಪಟ್ಟಣದ ಪ್ರಯೋಗಾಲಯದಲ್ಲಿ ಮಾತನ್ನು ಬೆಳಕಿನ ಮೂಲಕ ಕಳುಹಿಸುವ ಯೋಚನೆಯಲ್ಲಿ ಮುಳುಗಿದ್ದನು. 1969ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆಯು ಆತನ ಸಂಕೇತಕ್ರಮವನ್ನು ಚಿತ್ರಿಸುವ ಅಂಚೆಚೀಟಿಯೊಂದನ್ನು ಹೊರಡಿಸಿತು. ಎರಡು ವರ್ಷಗಳ ಬಳಿಕ, 1971ರಲ್ಲಿ, ರೀವ್ಸ್ ತೀರಿಕೊಂಡನು.